ಕೊನೆಗೆ ಉಣ್ಣುವವರ ಹಕ್ಕು



ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಕಪ್ಪು ನೆಲ ತೊಗರಿಯ ಕಣಜ. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆಯೂ ದೊರೆಯಿತು. ಆದರೆ ಆ ಬೇಳೆ ನಮ್ಮದೇ ಮನೆಯಲ್ಲಿ ಯಾರ ತಾಟಿಗೆ ಎಷ್ಟು ಬೀಳುತ್ತದೆಂದು ಯೋಚಿಸಿದ್ದೀರಾ? ಗಂಡಸರು ಉಂಡೆದ್ದ ಮೇಲೆ ಅನೇಕ ಮನೆಗಳ ಹೆಂಗಸರಿಗೆ ಉಳಿಯುವುದು ತಣ್ಣಗಾದ ರೊಟ್ಟಿ, ನೀರು ಬೆರೆಸಿದ ಸಾರು.

ಅನ್ನವು ಅಲ್ಲಾಹನ ಅಮಾನತ್ತು. ಅದರಲ್ಲಿ ಪ್ರತಿ ವಯಸ್ಸಿಗೂ ಹಕ್ಕಿದೆ. ಪವಿತ್ರ ಕುರ್‌ಆನಿನ ಅಲ್ ಬಕರಃ ಅಧ್ಯಾಯದ 233ನೇ ಸೂಕ್ತವು ಶಿಶುವಿನ ಮೊಲೆಹಾಲಿಗೆ ಪೂರ್ಣ ಎರಡು ವರ್ಷಗಳ ಅವಧಿಯನ್ನು ತಿಳಿಸಿ, ಹಾಲೂಡುವ ತಾಯಿಯ ಅನ್ನವಸ್ತ್ರದ ಹೊಣೆಯನ್ನು ತಂದೆಯ ಮೇಲಿರಿಸಿದೆ. ಅಂದರೆ ಮಗುವಿನ ಹಕ್ಕು ತಾಯಿಯ ತಾಟಿನಿಂದಲೇ ಆರಂಭವಾಗುತ್ತದೆ. ಪತ್ನಿಯ ಬಾಯಿಗಿಡುವ ತುತ್ತಿಗೂ ಪ್ರತಿಫಲವಿದೆಯೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ.

ಬೆಳೆಯುವ ಮಗಳಿಗೂ ಮಗನಂತೆಯೇ ಬೇಳೆ, ಮೊಟ್ಟೆ, ಸೊಪ್ಪು ಬೇಕು. ಮುಟ್ಟು ಆರಂಭವಾದ ಮೇಲಂತೂ ರಕ್ತ ಕಡಿಮೆಯಾಗದಂತೆ ಕಬ್ಬಿಣಾಂಶ ಹೆಚ್ಚೇ ಬೇಕು. ಉಪವಾಸದಿಂದ ತನಗೋ ಮಗುವಿಗೋ ಹಾನಿಯಾದೀತೆಂಬ ಭಯವಿರುವ ಬಸುರಿಗೆ ರಮಝಾನಿನಲ್ಲಿಯೂ ಶರೀಅತ್ ರಿಯಾಯಿತಿ ನೀಡಿದೆ. ಹೀಗಿರುವಾಗ ಉಳಿದ ತಿಂಗಳುಗಳಲ್ಲಿ ಆಕೆಯನ್ನು ಅರೆಹೊಟ್ಟೆಯಲ್ಲಿಡಲು ನಾವು ಯಾರು? ಹಲ್ಲುದುರಿದ ಅಜ್ಜಿಯ ಮುಂದೆ ಖಡಕ್ ರೊಟ್ಟಿ ಇಟ್ಟು ಎದ್ದು ಹೋದರೆ ಸೇವೆಯಾಗದು. ಮೆತ್ತಗೆ ಬೆಂದ ನುಚ್ಚು ಕೊಡಿರಿ, ಜೊತೆಗೆ ಕುಳಿತುಕೊಳ್ಳಿರಿ.

ಇಂದು ರಾತ್ರಿ ದಸ್ತರ್‌ಖಾನ್ ಹಾಸಿದಾಗ ಅಡುಗೆ ಮಾಡಿದವಳನ್ನೂ ಕೂಡಿಸಿರಿ. ಎಲ್ಲರ ಪಾಲನ್ನೂ ನೋಡಿ ಬಿಸ್ಮಿಲ್ಲಾಹ್ ಹೇಳಿರಿ. ಹಲಾಲಾಗಿ ಗಳಿಸಿದ್ದನ್ನು ನ್ಯಾಯವಾಗಿ ಹಂಚಿ ಉಣ್ಣುವ ಸೌಭಾಗ್ಯವನ್ನು ಅಲ್ಲಾಹನು ನಮಗೆಲ್ಲ ಕರುಣಿಸಲಿ. ಆಮೀನ್.