ಸ್ಥಾನನಿರೀಕ್ಷೆಯೂ ಬಲಿಚಕ್ರವರ್ತಿಯ ಸಹನೆಯೂ



ಫಾಲ್ಗುಣ ಚೈತ್ರ ಮಾಸಗಳು ಬಂದವೆಂದರೆ ನಮ್ಮ ಮನೆಗಳಲ್ಲಿ ಒಂದೆಡೆ ಶ್ರೀರಾಮನವಮಿಯ ಸಿದ್ಧತೆ, ಮತ್ತೊಂದೆಡೆ ಮಕ್ಕಳ ಮುಂದಿನ ವ್ಯಾಸಂಗದ ಚಿಂತೆ. ಅಮೆರಿಕದ ವಿಶ್ವವಿದ್ಯಾನಿಲಯಗಳಲ್ಲಿ ಎಂ.ಎಸ್. ಅಥವಾ ಪಿಎಚ್.ಡಿ. ವ್ಯಾಸಂಗಕ್ಕೆಂದು ಡಿಸೆಂಬರ್ ತಿಂಗಳ ಸುಮಾರಿಗೆ ಅರ್ಜಿ ಹಾಕಿದ ಮಕ್ಕಳಿಗೆ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಉತ್ತರಗಳು ಬರುತ್ತವೆ. ಕೆಲವು ‘ಬನ್ನಿ’ ಎನ್ನುತ್ತವೆ, ಕೆಲವು ‘ಇಲ್ಲ’ ಎನ್ನುತ್ತವೆ. ಇವೆರಡೂ ಅಲ್ಲದ ಮೂರನೆಯ ಉತ್ತರವೊಂದುಂಟು: ‘ತಮ್ಮ ಹೆಸರನ್ನು ವೇಟಿಂಗ್ ಲಿಸ್ಟಿನಲ್ಲಿ ಇರಿಸಲಾಗಿದೆ.’ ಇಲ್ಲವೆಂದರೆ ಒಂದು ದಿನ ಅತ್ತು ಮನಸ್ಸನ್ನು ಬೇರೆಡೆಗೆ ತಿರುಗಿಸಬಹುದು. ಹೌದೂ ಅಲ್ಲದ ಅಲ್ಲವೂ ಅಲ್ಲದ ಈ ಮಾತು ಬಂದಾಗ ಮಗುವಿಗೆ ಊಟ ಸೇರದು, ತಾಯಿಗೆ ನಿದ್ರೆ ಬಾರದು, ತಂದೆಗೆ ನೆಂಟರ ಪ್ರಶ್ನೆಗಳಿಗೆ ಉತ್ತರ ತೋಚದು.

ಇಂತಹ ಸಮಯದಲ್ಲಿ ಆಸ್ತಿಕರ ಮನಸ್ಸಿನಲ್ಲಿ ಮೂರು ಪ್ರಶ್ನೆಗಳು ಏಳುತ್ತವೆ. ಹೀಗೇಕೆ ಕಾಯಿಸುತ್ತಾರೆ? ನಮ್ಮ ಮಗುವಿನ ಯೋಗ್ಯತೆ ಕಡಿಮೆಯೆಂದು ಇದರ ಅರ್ಥವೇ? ಕಾಯುವಾಗ ಮಾಡಬೇಕಾದ ಕರ್ತವ್ಯವೇನು? ಈ ಮೂರನ್ನೂ ಕ್ರಮವಾಗಿ ವಿಚಾರಮಾಡೋಣ.

ಮೊದಲು ಲೋಕವ್ಯವಹಾರ. ಅದನ್ನು ಅರಿಯದೆ ಹೇಳುವ ವೇದಾಂತ ಸಂಕಟದಲ್ಲಿರುವವರಿಗೆ ಸಮಾಧಾನ ಕೊಡಲಾರದು. ಆ ದೇಶದಲ್ಲಿ ವಿಜ್ಞಾನ ಮತ್ತು ಇಂಜಿನಿಯರಿಂಗ್ ವಿಭಾಗಗಳ ಪಿಎಚ್.ಡಿ. ವಿದ್ಯಾರ್ಥಿಗೆ ಸಾಮಾನ್ಯವಾಗಿ ಬೋಧನಾ ಸಹಾಯಕನಾಗಿಯೋ ಸಂಶೋಧನಾ ಸಹಾಯಕನಾಗಿಯೋ ವೇತನ ದೊರೆಯುತ್ತದೆ. ಶುಲ್ಕದ ಭಾರವನ್ನೂ ವಿಶ್ವವಿದ್ಯಾನಿಲಯವೇ ಹೊರುತ್ತದೆ. ಆದ್ದರಿಂದ ಒಬ್ಬ ವಿದ್ಯಾರ್ಥಿಯನ್ನು ಕರೆಯುವುದೆಂದರೆ ಹಲವು ವರ್ಷಗಳ ವೆಚ್ಚವನ್ನು ಒಪ್ಪಿಕೊಂಡಂತೆ. ಕರೆದವರೆಲ್ಲರೂ ಬರುವುದಿಲ್ಲ, ಏಕೆಂದರೆ ಒಬ್ಬನೇ ವಿದ್ಯಾರ್ಥಿಗೆ ನಾಲ್ಕಾರು ಕಡೆಯಿಂದ ಕರೆ ಬಂದಿರಬಹುದು. ನಿರೀಕ್ಷೆಗಿಂತ ಹೆಚ್ಚು ಜನ ಬಂದರೆ ಹಣ ಸಾಲದು, ಕಡಿಮೆ ಬಂದರೆ ಸ್ಥಾನಗಳು ಬರಿದಾಗುತ್ತವೆ. ಈ ಅನಿಶ್ಚಯಕ್ಕೆ ಪರಿಹಾರವಾಗಿ ಕೆಲವು ಹೆಸರುಗಳನ್ನು ಕಾದಿರಿಸುತ್ತಾರೆ. ಅನೇಕ ಕಡೆ ಈ ಪಟ್ಟಿಗೆ ಕ್ರಮಸಂಖ್ಯೆಯೂ ಇರುವುದಿಲ್ಲ. ಯಾವ ಶಾಖೆಯಲ್ಲಿ ಸ್ಥಾನ ತೆರವಾಯಿತೋ ಆ ಶಾಖೆಯ ಅಭ್ಯರ್ಥಿಯನ್ನೇ ಕರೆಯುವುದುಂಟು.

ಇದಕ್ಕೆ ಒಂದು ಗಡುವೂ ಇದೆ. ಅಲ್ಲಿನ ಕೌನ್ಸಿಲ್ ಆಫ್ ಗ್ರಾಜುಯೇಟ್ ಸ್ಕೂಲ್ಸ್ ಎಂಬ ಸಂಸ್ಥೆಯ ನಿರ್ಣಯಕ್ಕೆ ಒಪ್ಪಿರುವ ವಿಶ್ವವಿದ್ಯಾನಿಲಯಗಳು, ಧನಸಹಾಯದೊಡನೆ ಕರೆದ ವಿದ್ಯಾರ್ಥಿಯನ್ನು ಏಪ್ರಿಲ್ 15ಕ್ಕೆ ಮೊದಲೇ ಉತ್ತರ ಹೇಳೆಂದು ನಿರ್ಬಂಧಿಸುವಂತಿಲ್ಲ. ಆದಕಾರಣ ಅನೇಕರು ಆ ದಿನದವರೆಗೂ ನಿರ್ಧಾರವನ್ನು ಮುಂದೂಡುತ್ತಾರೆ, ಪಟ್ಟಿಯೂ ಆ ದಿನದ ಆಸುಪಾಸಿನಲ್ಲಿಯೇ ಕದಲುತ್ತದೆ. ಹೀಗಿರುವಾಗ ಮಾರ್ಚ್ ತಿಂಗಳ ಮೌನವನ್ನು ಗ್ರಹಚಾರವೆಂದು ತಿಳಿದು ಕಂಗೆಡಬೇಕಾಗಿಲ್ಲ. ಅದು ಆ ವ್ಯವಸ್ಥೆಯ ಸ್ವಭಾವ.

ಎರಡನೆಯ ಪ್ರಶ್ನೆ ಹೆಚ್ಚು ಗಹನವಾದದ್ದು. ಜೀವರಲ್ಲಿ ತಾರತಮ್ಯವುಂಟೆಂಬುದು ನಮ್ಮ ಸಿದ್ಧಾಂತ. ಇದನ್ನು ಕೇಳಿ ಬೆಳೆದ ಮಕ್ಕಳು, ‘ಪಕ್ಕದ ಮನೆಯ ಹುಡುಗನಿಗೆ ಸ್ಥಾನ ಸಿಕ್ಕಿತು, ನನಗಿಲ್ಲ, ನನ್ನ ಯೋಗ್ಯತೆಯೇ ಇಷ್ಟು’ ಎಂದು ಕುಗ್ಗುವುದುಂಟು. ಹಿರಿಯರೇ ಒಮ್ಮೊಮ್ಮೆ ಬೇಸರದಲ್ಲಿ ಈ ಮಾತನ್ನು ಆಡಿಬಿಡುತ್ತಾರೆ. ಇದು ಸಿದ್ಧಾಂತದ ಅಪಾರ್ಥ. ಶ್ರೀಮದಾಚಾರ್ಯರು ಉಪದೇಶಿಸಿದ ತಾರತಮ್ಯ ಜೀವಸ್ವರೂಪಕ್ಕೆ ಸಂಬಂಧಿಸಿದ್ದು, ಅನಾದಿಯಾದದ್ದು, ಸರ್ವಜ್ಞನಾದ ಶ್ರೀಹರಿಯು ಪೂರ್ಣವಾಗಿ ಬಲ್ಲದ್ದು. ಅದನ್ನು ಅಳೆಯುವ ಕೋಲು ಯಾವ ಪ್ರವೇಶ ಸಮಿತಿಯ ಕೈಯಲ್ಲಿಯೂ ಇಲ್ಲ. ಸಮಿತಿಯವರ ಮುಂದೆ ಇರುವುದು ಅಂಕಪಟ್ಟಿ, ಕೆಲವು ಶಿಫಾರಸು ಪತ್ರಗಳು, ಅಭ್ಯರ್ಥಿ ತನ್ನ ಉದ್ದೇಶವನ್ನು ಬರೆದ ಒಂದೆರಡು ಪುಟಗಳು. ಇವುಗಳನ್ನು ಓದಿ, ತಮ್ಮಲ್ಲಿರುವ ಹಣವನ್ನೂ ಮಾರ್ಗದರ್ಶಕರನ್ನೂ ಎಣಿಸಿ, ಈ ವರ್ಷಕ್ಕೆ ಯಾರು ಹೊಂದುವರೆಂದು ಅವರು ನಿರ್ಧರಿಸುತ್ತಾರೆ. ಆ ನಿರ್ಧಾರಕ್ಕೆ ಗೌರವ ಕೊಡೋಣ. ಆದರೆ ಅದನ್ನು ಜೀವದ ಬೆಲೆಯೆಂದು ಭಾವಿಸುವುದು, ಭಗವಂತನೊಬ್ಬನಿಗೇ ಸಲ್ಲುವ ಜ್ಞಾನವನ್ನು ಮನುಷ್ಯರಿಗೆ ಆರೋಪಿಸಿದಂತಾಗುತ್ತದೆ.

ಈಗ ಕಾಯುವ ಬಗೆಯನ್ನು ನೋಡೋಣ. ನಿರೀಕ್ಷಣಾ ಪಟ್ಟಿಯೆಂದರೇನೆಂದು ತಿಳಿಯಬೇಕಾದರೆ ಭಾಗವತದ ಅಷ್ಟಮಸ್ಕಂಧದ ಬಲಿಚಕ್ರವರ್ತಿಯನ್ನು ನೆನೆಯಬೇಕು. ಬಲಿಯು ವಿಶ್ವಜಿತ್ ಯಾಗವನ್ನು ಮಾಡಿ, ಆ ಬಲದಿಂದ ಸ್ವರ್ಗವನ್ನು ಆಕ್ರಮಿಸಿ ಇಂದ್ರಪದವಿಯಲ್ಲಿ ಕುಳಿತನು. ವಾಮನನಾಗಿ ಬಂದ ಶ್ರೀಹರಿಯು ಮೂರು ಹೆಜ್ಜೆ ನೆಲವನ್ನು ಬೇಡಿ ಎರಡರಲ್ಲಿಯೇ ಸರ್ವವನ್ನೂ ಅಳೆದನು. ಗುರುವಾದ ಶುಕ್ರಾಚಾರ್ಯರ ಶಾಪ ತಟ್ಟಿತು, ವರುಣಪಾಶ ಬಿಗಿಯಿತು; ಆದರೂ ಬಲಿಯು ಆಡಿದ ಮಾತಿಗೆ ತಪ್ಪದೆ ಮೂರನೆಯ ಹೆಜ್ಜೆಗೆ ತನ್ನ ಶಿರಸ್ಸನ್ನು ಒಪ್ಪಿಸಿದನು. ಆಗ ಭಗವಂತನು ಅವನಿಗೆ ಮುಂದಿನ ಸಾವರ್ಣಿ ಮನ್ವಂತರದಲ್ಲಿ ಇಂದ್ರಪದವಿಯನ್ನು ಕೊಡುವುದಾಗಿ ಅನುಗ್ರಹಿಸಿ, ಅಲ್ಲಿಯವರೆಗೆ ಸುತಲದಲ್ಲಿ ಇರುವಂತೆ ಅಪ್ಪಣೆಮಾಡಿದನು.

ಈಗ ನಡೆಯುತ್ತಿರುವುದು ಏಳನೆಯದಾದ ವೈವಸ್ವತ ಮನ್ವಂತರ. ಸಾವರ್ಣಿಯದು ಎಂಟನೆಯದು. ಒಂದು ಮನ್ವಂತರಕ್ಕೆ 71 ಮಹಾಯುಗಗಳು, ಅಂದರೆ 30 ಕೋಟಿ 67 ಲಕ್ಷ 20 ಸಾವಿರ ಮಾನುಷ ವರ್ಷಗಳು. ನಾವು ಪ್ರತಿದಿನ ಸಂಕಲ್ಪದಲ್ಲಿ ವೈವಸ್ವತ ಮನ್ವಂತರದ ಹೆಸರನ್ನು ಹೇಳುವಾಗಲೆಲ್ಲ, ಬಲಿಯ ಸರದಿ ಇನ್ನೂ ಬಂದಿಲ್ಲವೆಂದೇ ಸಾರುತ್ತಿದ್ದೇವೆ. ಆದರೂ ಸುತಲದಲ್ಲಿ ಬಲಿಯು ಕೊರಗಿದನೆಂದು ಪುರಾಣ ಹೇಳುವುದಿಲ್ಲ. ಏಕೆ? ಅವನ ಬಾಗಿಲಲ್ಲಿ ಗದೆಯನ್ನು ಹಿಡಿದು ಸ್ವಯಂ ಭಗವಂತನೇ ಕಾವಲು ನಿಂತಿದ್ದಾನೆ. ಪದವಿ ದೊರೆತ ಇಂದ್ರನಿಗೂ ಇಲ್ಲದ ಭಾಗ್ಯ ಪದವಿಗಾಗಿ ಕಾಯುವ ಬಲಿಗೆ ದೊರಕಿತು. ದೀಪಾವಳಿಯಲ್ಲಿ ತುಳುನಾಡಿನ ಕೃಷಿಕರು ಗದ್ದೆಯಲ್ಲಿ ದೀಪವಿಟ್ಟು ‘ಬಲೀಂದ್ರ’ ಎಂದೇ ಅವನನ್ನು ಕೂಗಿ ಕರೆಯುತ್ತಾರೆ. ಪದವಿ ಬರುವುದಕ್ಕೆ ಮುಂಚೆಯೇ ಜನರ ಬಾಯಲ್ಲಿ ಅವನು ಇಂದ್ರನಾಗಿದ್ದಾನೆ.

ಇಲ್ಲಿ ಒಂದು ಆಕ್ಷೇಪ ಬರಬಹುದು: ‘ಬಲಿಗೆ ಭಗವಂತನ ವಚನವಿತ್ತು. ನಮ್ಮ ಮಗುವಿಗೆ ಯಾವ ವಚನವಿದೆ? ಕಾದರೂ ಸ್ಥಾನ ಸಿಗದೆ ಹೋಗಬಹುದಲ್ಲ?’ ನಿಜ, ಹೋಗಬಹುದು. ದೇವರನ್ನು ನಂಬಿದವರಿಗೆಲ್ಲ ಬೇಡಿದ ವಿಶ್ವವಿದ್ಯಾನಿಲಯವೇ ಸಿಗುತ್ತದೆಂದು ಹೇಳುವುದು ಭಕ್ತಿಯೂ ಅಲ್ಲ, ಸತ್ಯವೂ ಅಲ್ಲ. ಆದರೆ ಬಲಿಗೆ ನೆಮ್ಮದಿ ಬಂದದ್ದು ಮುಂದೆ ಬರುವ ಪದವಿಯಿಂದಲ್ಲ, ಬಾಗಿಲಲ್ಲಿ ನಿಂತವನಿಂದ. ಆ ಸ್ವಾಮಿಯೇ ಪ್ರತಿಯೊಂದು ಜೀವದೊಳಗೆ ಬಿಂಬರೂಪಿಯಾಗಿ ನಿಂತು ಕಾಯುತ್ತಿದ್ದಾನೆ. ಪಟ್ಟಿಯಲ್ಲಿ ಹೆಸರು ಮೇಲೇರಿದರೂ ಇದ್ದಾನೆ, ಅಳಿಸಿಹೋದರೂ ಇದ್ದಾನೆ. ಈ ಅಂಶದಲ್ಲಿ ಬಲಿಗೂ ನಮ್ಮ ಮಗುವಿಗೂ ಭೇದವಿಲ್ಲ.

‘ಎಲ್ಲವೂ ಹರಿಯ ಅಧೀನವಾದರೆ ನಾವು ಸುಮ್ಮನಿರಬಹುದೇ?’ ಎಂದರೆ, ಕೂಡದು. ಜೀವನ ಕರ್ತೃತ್ವ ಪರಾಧೀನವಾದರೂ ಸತ್ಯವಾದದ್ದು. ಆದ್ದರಿಂದ ಪ್ರಯತ್ನ ಕರ್ತವ್ಯ. ಶ್ರೀರಾಮನ ಆಗಮನವನ್ನು ನಿರೀಕ್ಷಿಸುತ್ತಿದ್ದ ಭರತನು ನಂದಿಗ್ರಾಮದಲ್ಲಿ 14 ವರ್ಷ ಕೈಕಟ್ಟಿ ಕುಳಿತಿರಲಿಲ್ಲ. ಪಾದುಕೆಗಳನ್ನು ಮುಂದಿಟ್ಟುಕೊಂಡು ರಾಜ್ಯಭಾರವನ್ನು ನಡೆಸಿದನು. ಹಾಗೆಯೇ ವಿದ್ಯಾರ್ಥಿಯು ಪಟ್ಟಿಯಲ್ಲಿ ಉಳಿಯಲು ಸಮ್ಮತಿಯಿದೆಯೆಂದು ಕೂಡಲೇ ತಿಳಿಸಲಿ. ಹೊಸ ಅಂಕಗಳೋ ಪ್ರಕಟವಾದ ಪ್ರಬಂಧವೋ ಇದ್ದರೆ ಅದನ್ನು ಒಂದೇ ಒಂದು ಚಿಕ್ಕ ಪತ್ರದಲ್ಲಿ ಬರೆಯಲಿ. ಮೂರು ಕಡೆಗೆ ‘ತಮ್ಮ ಸಂಸ್ಥೆಯೇ ನನ್ನ ಮೊದಲ ಆಯ್ಕೆ’ ಎಂದು ಬರೆಯುವುದು ಅಸತ್ಯ. ವಿದ್ಯೆಯನ್ನು ಅಸತ್ಯದಿಂದ ಆರಂಭಿಸಬಾರದು. ತಂದೆತಾಯಿಗಳು ತಾವೇ ದೂರವಾಣಿ ಮಾಡಿ ವಿಚಾರಿಸುವುದೂ ಉಚಿತವಲ್ಲ. ಕೈಯಲ್ಲಿ ಮತ್ತೊಂದು ಕರೆಯಿದ್ದರೆ ಅದರ ಗಡುವನ್ನು ಮೀರಗೊಡದೆ ನಿರ್ಧರಿಸಬೇಕು. ಧನಸಹಾಯದ ಕರೆಯೊಂದನ್ನು ಒಪ್ಪಿ ಏಪ್ರಿಲ್ 15 ಕಳೆದ ಮೇಲೆ, ಆ ಸಂಸ್ಥೆಗೆ ಮೊದಲು ತಿಳಿಸದೆ ಇನ್ನೊಂದನ್ನು ಒಪ್ಪಿಕೊಳ್ಳುವಂತಿಲ್ಲವೆಂಬುದನ್ನೂ ಮರೆಯಬಾರದು. ಈ ವರ್ಷ ಸಿಗದಿದ್ದರೆ ಮತ್ತೆ ಅರ್ಜಿ ಹಾಕುವ ದಾರಿ ತೆರೆದೇ ಇರುತ್ತದೆ. ಜಿ.ಆರ್.ಇ. ಪರೀಕ್ಷೆಯ ಅಂಕಗಳು 5 ವರ್ಷಗಳವರೆಗೂ, ನಮ್ಮ ದೇಶದ ಗೇಟ್ ಪರೀಕ್ಷೆಯ ಅಂಕಗಳು 3 ವರ್ಷಗಳವರೆಗೂ ಸಲ್ಲುತ್ತವೆ.

ಕೊನೆಯದಾಗಿ ಪ್ರಾರ್ಥನೆಯ ವಿಷಯ. ಪಟ್ಟಿಯಲ್ಲಿ ಹೆಸರು ಮೇಲೇರಬೇಕಾದರೆ ಬೇರೆಯವರೊಬ್ಬರು ಸ್ಥಾನವನ್ನು ಬಿಡಬೇಕು. ಹಾಗೆಂದು ‘ಯಾರಿಗಾದರೂ ಅಡ್ಡಿಯಾಗಲಿ, ನಮ್ಮ ಮಗುವಿಗೆ ದಾರಿಯಾಗಲಿ’ ಎಂದು ದೇವರ ಮುಂದೆ ಬೇಡಬಹುದೇ? ಇನ್ನೊಂದು ಮನೆಯ ದೀಪ ಆರಲೆಂದು ಬೇಡುವವನು ತನ್ನ ಮನೆಯ ದೀಪಕ್ಕೆ ಎಣ್ಣೆ ಹಾಕಿದಂತಾಗುವುದಿಲ್ಲ. ‘ಸ್ಥಾನ ಕೊಟ್ಟರೆ ಇಷ್ಟು ಸೇವೆ, ಕೊಡದಿದ್ದರೆ ಇಲ್ಲ’ ಎಂಬ ಹರಕೆಯೂ ವ್ಯಾಪಾರವೇ. ‘ಸ್ವಾಮೀ, ಇವನಿಗೆ ಯಾವುದು ಹಿತವೋ ಅದನ್ನು ನೀನು ಬಲ್ಲೆ. ಬಂದದ್ದನ್ನು ನಿನ್ನ ಪ್ರಸಾದವೆಂದು ಸ್ವೀಕರಿಸುವ ಬುದ್ಧಿಯನ್ನು ಕೊಡು’ ಎಂಬುದೇ ಯುಕ್ತವಾದ ಪ್ರಾರ್ಥನೆ.

ಇದರೊಡನೆ, ಸ್ಥಾನ ದೊರೆತವರ ಮನೆಯವರಿಗೂ ಒಂದು ವಿಜ್ಞಾಪನೆ. ತಮ್ಮ ಮಗನಿಗೆ ಐದು ಕಡೆಯಿಂದ ಕರೆ ಬಂದಿದ್ದರೆ, ಹೋಗಬೇಕಾದುದು ಯಾವುದೆಂದು ತಿಳಿದ ದಿನವೇ ಉಳಿದ ನಾಲ್ಕಕ್ಕೆ ‘ಬರುವುದಿಲ್ಲ’ ಎಂದು ಬರೆದುಬಿಡಲಿ. ಪ್ರತಿಷ್ಠೆಗಾಗಿ ಕೊನೆಯ ದಿನದವರೆಗೆ ಹಿಡಿದಿಟ್ಟುಕೊಂಡ ಒಂದೊಂದು ಸ್ಥಾನದ ಹಿಂದೆಯೂ ಊಟ ಸೇರದ ಒಂದು ಮಗುವಿದೆ, ನಿದ್ರೆ ಬಾರದ ಒಬ್ಬ ತಾಯಿಯಿದ್ದಾಳೆ. ನಮಗೆ ಬೇಡವಾದುದನ್ನು ಹಿಡಿದಿಟ್ಟು ಪರರಿಗೆ ದೊರಕದಂತೆ ಮಾಡುವುದು ಧರ್ಮವಲ್ಲ. ಬಲಿಚಕ್ರವರ್ತಿಯು ದೊಡ್ಡವನಾದದ್ದು ಮೂರು ಲೋಕಗಳನ್ನು ಹಿಡಿದದ್ದರಿಂದಲ್ಲ, ಕೇಳಿದಾಗ ಬಿಟ್ಟುಕೊಟ್ಟದ್ದರಿಂದ.

ಕಾಯುವವರಿಗೆ ಸಹನೆಯನ್ನೂ, ಪಡೆದವರಿಗೆ ತ್ಯಾಗಬುದ್ಧಿಯನ್ನೂ, ಎಲ್ಲರಿಗೂ ಜ್ಞಾನಭಕ್ತಿಗಳನ್ನೂ ವಾಮನರೂಪಿಯಾದ ಶ್ರೀಹರಿಯು ಅನುಗ್ರಹಿಸಲಿ.

ಶ್ರೀಕೃಷ್ಣಾರ್ಪಣಮಸ್ತು