ಹೊಟ್ಟೆಯ ಸಂಕಟಕ್ಕೆ ಬಾಯಿ ಬೇಕು

ಮಾನ್ವಿ ಸೀಮೆಯ ಬ್ಯಾಗವಾಟದಲ್ಲಿ 1728ರಲ್ಲಿ ಹುಟ್ಟಿದ ಶ್ರೀನಿವಾಸಾಚಾರ್ಯರು ಮುಂದೆ ಜಗನ್ನಾಥದಾಸರಾಗಿ ‘ಹರಿಕಥಾಮೃತಸಾರ’ ಬರೆದರು. ಪಂಡಿತರನ್ನು ದಾಸರನ್ನಾಗಿ ಮಾಡಿದ್ದು ಒಂದು ಹೊಟ್ಟೆನೋವು. ಹರಿದಾಸ ಪರಂಪರೆಯಲ್ಲಿ ಆ ಕಥೆಯನ್ನು ಹೀಗೆ ಹೇಳಿಕೊಂಡು ಬಂದಿದ್ದಾರೆ: ಚೀಕಲಪರ್ವಿಯ ವಿಜಯದಾಸರು ಊಟಕ್ಕೆ ಕರೆದಾಗ ಆಚಾರ್ಯರಿಗೆ ಹೋಗುವ ಮನಸ್ಸಾಗಲಿಲ್ಲ, ಹೊಟ್ಟೆನೋವು ಎಂದು ನೆಪ ಹೇಳಿದರು. ಆಮೇಲೆ ನಿಜವಾದ ಉದರಶೂಲೆಯೇ ಬಂದು ಬಹುಕಾಲ ನರಳಿದರು. ಕೊನೆಗೆ ವಿಜಯದಾಸರ ಮೊರೆಹೊಕ್ಕು, ಅವರ ಮಾತಿನಂತೆ ಗೋಪಾಲದಾಸರನ್ನು ಕಂಡು ಗುಣವಾದರು.

ಭಕ್ತರು ಇದರಲ್ಲಿ ಗುರುಕರುಣೆಯನ್ನು ಕಾಣುತ್ತಾರೆ. ನನ್ನ ಮನಸ್ಸು ನಿಲ್ಲುವುದು ಆ ನೆಪದ ಹತ್ತಿರ. ಹೊಟ್ಟೆನೋವು ಕಣ್ಣಿಗೆ ಕಾಣುವುದಿಲ್ಲ, ಕೈಗೆ ಸಿಗುವುದಿಲ್ಲ. ಶಾಲೆ ತಪ್ಪಿಸುವ ಮಗುವಿನಿಂದ ಹಿಡಿದು ಮದುವೆ ತಪ್ಪಿಸುವ ದೊಡ್ಡವರವರೆಗೆ ಎಲ್ಲರೂ ಅದನ್ನೇ ಹೇಳುತ್ತಾರೆ. ಹೀಗಾಗಿ ನಿಜಕ್ಕೂ ನೋಯುವವರ ಮಾತನ್ನೂ ಜನ ಅರ್ಧ ಮಾತ್ರ ನಂಬುತ್ತಾರೆ.

ಇರಿಟಬಲ್ ಬವೆಲ್ ಸಿಂಡ್ರೋಮ್, ಅಂದರೆ ಐಬಿಎಸ್ ಇರುವವರ ಪಾಡು ಇದೇ. ರಕ್ತ ಪರೀಕ್ಷೆ, ಮಲ ಪರೀಕ್ಷೆ, ಸ್ಕ್ಯಾನಿಂಗ್, ಎಲ್ಲ ನಾರ್ಮಲ್. ‘ರಿಪೋರ್ಟಿನ್ಯಾಗ ಏನೂ ಇಲ್ಲ, ನೀ ಸುಮ್ಮನ ಚಿಂತಿ ಮಾಡ್ತಿ’ ಎನ್ನುತ್ತದೆ ಮನೆ. ರಿಪೋರ್ಟು ಸುಳ್ಳಲ್ಲ, ನೋವೂ ಸುಳ್ಳಲ್ಲ. ಕರುಳಿಗೆ ತನ್ನದೇ ನರಜಾಲವಿದೆ, ಅದು ಮಿದುಳಿನ ಜೊತೆ ಹಗಲೂ ರಾತ್ರಿ ಸಂಪರ್ಕದಲ್ಲಿರುತ್ತದೆ. ಐಬಿಎಸ್‌ನಲ್ಲಿ ಈ ಸಂಪರ್ಕ ಏರುಪೇರಾಗುತ್ತದೆ. ಬೇರೆಯವರಿಗೆ ಗೊತ್ತೇ ಆಗದಷ್ಟು ಗಾಳಿ ತುಂಬಿದರೂ ಇವರಿಗೆ ಹಿಂಡಿದಂತಾಗುತ್ತದೆ. ಕೆಲವರಿಗೆ ಭೇದಿ, ಕೆಲವರಿಗೆ ಮಲಬದ್ಧತೆ, ಕೆಲವರಿಗೆ ಎರಡೂ ಸರದಿಯ ಮೇಲೆ. ಮೂರು ತಿಂಗಳಿಂದ ವಾರಕ್ಕೆ ಒಂದು ದಿನವಾದರೂ ಹೊಟ್ಟೆ ನೋಯುತ್ತಿದ್ದು, ಆ ನೋವಿಗೂ ಮಲವಿಸರ್ಜನೆಗೂ ಅಥವಾ ಅದರಲ್ಲಾದ ಬದಲಾವಣೆಗೂ ನಂಟಿದ್ದರೆ, ತೊಂದರೆ ಶುರುವಾಗಿ ಆರು ತಿಂಗಳಾದರೂ ಆಗಿದ್ದರೆ ವೈದ್ಯರು ಐಬಿಎಸ್ ಎನ್ನುತ್ತಾರೆ. 2016ರ ‘ರೋಮ್’ ಮಾನದಂಡ ಹೇಳುವುದು ಇದನ್ನೇ.

ನಮ್ಮ ರಾಯಚೂರು ಜಿಲ್ಲೆಯಲ್ಲಿ ಒಂದು ಕಾರಣವನ್ನು ಒತ್ತಿ ಹೇಳಬೇಕು. ಕೆಟ್ಟ ನೀರಿನಿಂದ ಜೋರು ವಾಂತಿಭೇದಿ ಆದವರಲ್ಲಿ ಕೆಲವರಿಗೆ ಸೋಂಕು ಹೋದ ಮೇಲೂ ಕರುಳು ಮೊದಲಿನಂತಾಗದೆ ಐಬಿಎಸ್ ಉಳಿದುಬಿಡುತ್ತದೆ. 2022ರ ಬೇಸಿಗೆಯ ಕೊನೆಯಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನೀರು ಕುಡಿದು ಎಷ್ಟೋ ಜನ ಆಸ್ಪತ್ರೆ ಸೇರಿದರು, ಸಾವುಗಳೂ ಆದವು. ಮರುವರ್ಷ ದೇವದುರ್ಗ ತಾಲ್ಲೂಕಿನಲ್ಲೂ ಅಂಥದೇ ಘಟನೆ ನಡೆಯಿತು. ಅಂಥ ದಿನಗಳು ಸುದ್ದಿಯಿಂದ ಮರೆಯಾದಷ್ಟು ಬೇಗ ಹೊಟ್ಟೆಯಿಂದ ಮರೆಯಾಗುವುದಿಲ್ಲ. ನಿಮ್ಮ ತೊಂದರೆ ಅಂಥದೊಂದು ಭೇದಿಯ ನಂತರ ಶುರುವಾಗಿದ್ದರೆ ವೈದ್ಯರ ಮುಂದೆ ಆಡಬೇಕಾದ ಮೊದಲ ಮಾತು ಅದು.

ಬೆಳೆಸಿಕೊಳ್ಳಬೇಕಾದ ಮೊದಲ ಅಭ್ಯಾಸವೂ ಇದೇ, ಮುಚ್ಚುಮರೆಯಿಲ್ಲದೆ ಹೇಳುವುದು. ‘ಗ್ಯಾಸ್ ಆಗ್ಯಾದ್ರಿ’ ಎಂದು ಮಾತು ಮುಗಿಸಿದರೆ ಗ್ಯಾಸಿನ ಗುಳಿಗೆಯೇ ಸಿಗುತ್ತದೆ. ದಿನಕ್ಕೆ ಎಷ್ಟು ಸಲ, ಗಟ್ಟಿಯೋ ನೀರೋ, ನೋವು ಹೋಗಿಬಂದ ಮೇಲೆ ಇಳಿಯುತ್ತದೋ ಏರುತ್ತದೋ, ಇದನ್ನೆಲ್ಲ ಹೇಳಲು ನಾಚಿಕೆ ಬೇಡ. ಮಲದ ರೂಪವನ್ನು ಏಳು ಬಗೆಯಾಗಿ ವಿಂಗಡಿಸಿದ ಬ್ರಿಸ್ಟಲ್ ಪಟ್ಟಿ 1997ರಿಂದ ಪ್ರಚಾರದಲ್ಲಿದೆ. ಅದನ್ನು ತೋರಿಸಿ ‘ಈ ನಮೂನಿ’ ಎಂದರೂ ಸಾಕು. ಮಲದಲ್ಲಿ ರಕ್ತ, ತೂಕ ಇಳಿಯುವುದು, ಸಂಜೆ ಜ್ವರ, ರಕ್ತಹೀನತೆ, ನಿದ್ದೆಯಿಂದ ಎಬ್ಬಿಸುವ ಭೇದಿ, ಐವತ್ತು ದಾಟಿದ ಮೇಲೆ ಹೊಸದಾಗಿ ಶುರುವಾದ ತೊಂದರೆ, ಇವುಗಳಲ್ಲಿ ಯಾವುದಿದ್ದರೂ ಅದನ್ನು ಐಬಿಎಸ್ ಎಂದು ನೀವೇ ತೀರ್ಮಾನಿಸಿ ಕೂರಬಾರದು. ನಮ್ಮ ದೇಶದಲ್ಲಿ ಕರುಳಿನ ಕ್ಷಯ ಇನ್ನೂ ಇದೆ. ಅದು ಐಬಿಎಸ್‌ನ ವೇಷದಲ್ಲಿ ಬರಬಲ್ಲದು.

ಔಷಧಿಯ ವಿಷಯದಲ್ಲಿ ನಾವು ಮಾಡುವ ತಪ್ಪು ಊರೂರು ತಿರುಗುವುದು. ಮಾನ್ವಿಯಲ್ಲಿ ಒಬ್ಬರು, ರಾಯಚೂರಿನಲ್ಲಿ ಒಬ್ಬರು, ಹೈದರಾಬಾದಿನಲ್ಲಿ ಮತ್ತೊಬ್ಬರು, ನಡುವೆ ಮೆಡಿಕಲ್ ಶಾಪಿನ ಆಂಟಿಬಯಾಟಿಕ್. ಐಬಿಎಸ್‌ಗೆ ಒಂದೇ ಏಟಿಗೆ ವಾಸಿಮಾಡುವ ಗುಳಿಗೆ ಇಲ್ಲ. ಆದರೆ ಹತೋಟಿಯಲ್ಲಿಡುವ ಗುಳಿಗೆಗಳಿವೆ, ಅವಕ್ಕೆ ಸಮಯ ಕೊಡಬೇಕು. ಕರುಳಿನ ಹಿಡಿತ ಸಡಿಲಿಸುವ ಮೆಬೆವೆರಿನ್ ಸಾಮಾನ್ಯವಾಗಿ ಊಟಕ್ಕೆ ಇಪ್ಪತ್ತು ನಿಮಿಷ ಮೊದಲು ತೆಗೆದುಕೊಳ್ಳುವಂಥದು. ಉಂಡು ಕೈ ತೊಳೆದ ಮೇಲೆ ನೆನಪಾದರೆ ಅದರ ಪೂರ್ಣ ಲಾಭ ಸಿಗಲಾರದು. ಇಸಬಗೋಲನ್ನು ಸ್ವಲ್ಪದರಿಂದ ಶುರುಮಾಡಿ ಹೆಚ್ಚಿಸುತ್ತ ಹೋಗಬೇಕು, ಜೊತೆಗೆ ದೊಡ್ಡ ಲೋಟದ ತುಂಬ ನೀರು ಇರಲೇಬೇಕು. ಇನ್ನು ಅಮಿಟ್ರಿಪ್ಟಿಲಿನ್. ಚೀಟಿಯಲ್ಲಿ ಆ ಹೆಸರು ನೋಡಿ ‘ಇದು ತಲೆ ಕೆಟ್ಟವರ ಗುಳಿಗಿ’ ಎಂದು ಯಾರೋ ಹೇಳುತ್ತಾರೆ, ಗುಳಿಗೆ ಅಲ್ಲಿಗೇ ನಿಲ್ಲುತ್ತದೆ. ಖಿನ್ನತೆಗೆ ಕೊಡುವುದಕ್ಕಿಂತ ಎಷ್ಟೋ ಕಡಿಮೆ ಪ್ರಮಾಣದಲ್ಲಿ ಅದು ಕರುಳು–ಮಿದುಳಿನ ನೋವಿನ ಸಂದೇಶವನ್ನು ತಗ್ಗಿಸುತ್ತದೆ. ಇಂಗ್ಲೆಂಡಿನಲ್ಲಿ 463 ರೋಗಿಗಳ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನಕ್ಕೆ 10ರಿಂದ 30 ಮಿಲಿಗ್ರಾಂ ತೆಗೆದುಕೊಂಡವರಿಗೆ ಆರು ತಿಂಗಳಲ್ಲಿ ಸ್ಪಷ್ಟ ಅನುಕೂಲವಾಯಿತು. ಶುರುಮಾಡುವುದು, ಹೆಚ್ಚಿಸುವುದು, ನಿಲ್ಲಿಸುವುದು ಎಲ್ಲವೂ ಒಬ್ಬರೇ ವೈದ್ಯರ ಕೈಯಲ್ಲಿರಲಿ.

ಊಟದ ಮಾತಿಗೆ ಬಂದರೆ ನಮ್ಮ ಕಡೆಯವರಿಗೆ ಒಂದು ಒಳ್ಳೆಯ ಸುದ್ದಿ ಇದೆ. ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದವರು ರೂಪಿಸಿದ ‘ಫಾಡ್‌ಮ್ಯಾಪ್’ ಪಥ್ಯದ ಹುರುಳು ಇಷ್ಟು: ಸಣ್ಣ ಕರುಳಿನಲ್ಲಿ ಸರಿಯಾಗಿ ಹೀರಿಕೆಯಾಗದ ಕೆಲವು ಸಕ್ಕರೆ ಅಂಶಗಳು ನೀರೆಳೆದು, ದೊಡ್ಡ ಕರುಳಿಗೆ ಹೋಗಿ ಹುದುಗೆದ್ದು, ಗಾಳಿ ತುಂಬುತ್ತವೆ. ಗೋಧಿಯಲ್ಲಿ ಇವು ಹೆಚ್ಚು. ಜೋಳ, ಅಕ್ಕಿಯಲ್ಲಿ ಕಡಿಮೆ. ಹೊಟ್ಟೆ ಸರಿಯಿಲ್ಲ ಎಂದು ರೊಟ್ಟಿ ಬಿಟ್ಟು ಬ್ರೆಡ್ಡಿಗೆ, ಚಪಾತಿಗೆ ಹೋದವರು ಒಂದು ಸಲ ತಿರುಗಿ ಯೋಚಿಸಬೇಕು. ಬಿಸಿ ಜೋಳದ ರೊಟ್ಟಿ, ಎಳೆಯ ಬದನೆಕಾಯಿ ಪಲ್ಯ ಬಹಳ ಜನಕ್ಕೆ ಒಗ್ಗುತ್ತದೆ.

ಕಾಡುವುದು ರೊಟ್ಟಿಯ ಪಕ್ಕದಲ್ಲಿರುವುದು: ಹಸಿ ಉಳ್ಳಾಗಡ್ಡಿ, ಬಳ್ಳೊಳ್ಳಿ ಖಾರ, ಗಟ್ಟಿ ತೊಗರಿಬೇಳೆ, ಮುಂಜಾನೆಯ ಒಗ್ಗರಣಿ–ಮಿರ್ಚಿ. ಮೆಣಸಿನಕಾಯಿಯ ಖಾರ ಕರುಳಿನ ನೋವಿನ ನರಗಳನ್ನೇ ಕೆಣಕುತ್ತದೆ. ಮಿರ್ಚಿಯಲ್ಲಿ ಖಾರದ ಜೊತೆ ಕಡಲೆಹಿಟ್ಟು, ಎಣ್ಣೆ ಮೂರೂ ಒಟ್ಟಿಗೇ ಇವೆ. ಬೇಸಿಗೆಯಲ್ಲಿ ಮಾವು, ಕಲ್ಲಂಗಡಿಯೂ ಕಾಡುತ್ತವೆ. ಹಾಗೆಂದು ಎಲ್ಲವನ್ನೂ ಜನ್ಮಪೂರ್ತಿ ಬಿಡುವುದು ಈ ಪಥ್ಯದ ಉದ್ದೇಶವಲ್ಲ, ಇಲ್ಲಿಯೇ ಬಹಳಷ್ಟು ಜನ ಎಡವುತ್ತಾರೆ. ನಾಲ್ಕರಿಂದ ಆರು ವಾರ ಬಿಟ್ಟು ನೋಡಬೇಕು. ಹೊಟ್ಟೆ ಶಾಂತವಾದರೆ ಒಂದೊಂದನ್ನೇ ಸ್ವಲ್ಪ ಸ್ವಲ್ಪ ತಿಂದು, ಯಾವುದು ಒಗ್ಗುತ್ತದೆ, ಯಾವುದು ಒಗ್ಗುವುದಿಲ್ಲ ಎಂದು ಬರೆದಿಟ್ಟುಕೊಳ್ಳಬೇಕು. ಉಳ್ಳಾಗಡ್ಡಿ ಕಾಡಿದವರಿಗೆ ಬೇಳೆ ಕಾಡದೇ ಇರಬಹುದು. ಬಳ್ಳೊಳ್ಳಿಯ ಕಾಡುವ ಅಂಶ ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ. ಎಣ್ಣೆಯಲ್ಲಿ ಎಸಳು ಹುರಿದು ತೆಗೆದುಬಿಟ್ಟರೆ ಘಮ ಉಳಿಯುತ್ತದೆ. ಉಳ್ಳಾಗಡ್ಡಿ ತೊಪ್ಪಲಿನ ಹಸಿರು ಭಾಗ ನಡೆಯುತ್ತದೆ. ಸಾಧ್ಯವಿದ್ದರೆ ಇದನ್ನೆಲ್ಲ ಪಥ್ಯ ತಜ್ಞರ ಸಲಹೆಯಲ್ಲೇ ಮಾಡಬೇಕು. ಅಂದಾಜಿನ ಮೇಲೆ ಬಿಡುತ್ತ ಹೋದವರು ಕೊನೆಗೆ ಅನ್ನ–ಮಜ್ಜಿಗೆಗೆ ಬಂದು ನಿಂತು ಸೊರಗುತ್ತಾರೆ. ಆ ಮಜ್ಜಿಗೆಯೂ ಕೆಲವರಿಗೆ ಆಗುವುದಿಲ್ಲ.

ಬೀಗರ ಮನೆಯಲ್ಲಿ, ಜಾತ್ರೆಯಲ್ಲಿ ‘ಇನ್ನೊಂದು ಹಾಕ್ಕೋರಿ’ ಎಂಬ ಒತ್ತಾಯದ ಮುಂದೆ ಈ ನಿಯಮ ಮುರಿಯುತ್ತದೆ. ಉಪವಾಸ ಎಂದು, ಈಗಷ್ಟೇ ಉಂಡು ಬಂದೆ ಎಂದು ಸುಳ್ಳು ಹೇಳುವವರೇ ಹೆಚ್ಚು. ಅದರ ಬದಲು ಹೋಗುವ ಮುಂಚೆಯೇ ಫೋನ್ ಮಾಡಿ, ‘ಅಕ್ಕಾ, ನನಗ ಕರುಳಿಂದು ತ್ರಾಸ್ ಅದ, ಔಷಧಿ ನಡದದ. ರೊಟ್ಟಿ, ಸಪ್ಪನ ಪಲ್ಯ ಇದ್ರ ಹೊಟ್ಟಿತುಂಬ ಉಣ್ತೀನಿ’ ಎಂದುಬಿಡಿ. ಬೇಡ ಎಂದರೆ ಬೇಸರವಾಗುವ ಮನೆಗೆ ಏನು ಬೇಕು ಎಂದು ಹೇಳಿದರೆ ಸಂತೋಷವೇ ಆಗುತ್ತದೆ.

ಹೀಗೆ ಬಾಯಿಬಿಟ್ಟು ಹೇಳುವ ಅವಕಾಶ ತೀರ ಕಡಿಮೆ ಇರುವುದು ಮನೆಯ ಹೆಣ್ಣುಮಕ್ಕಳಿಗೆ. ಎಲ್ಲರಿಗೂ ಬಡಿಸಿ, ಹೊಲಕ್ಕೆ ಬುತ್ತಿ ಕಳಿಸಿ, ಮಧ್ಯಾಹ್ನ ಮೂರಕ್ಕೆ ಉಳಿದದ್ದನ್ನು ಉಣ್ಣುವ ಸೊಸೆಗೆ ‘ಊಟಕ್ಕೆ ಮೊದಲು’ ಎಂದು ಬರೆದ ಗುಳಿಗೆ ಯಾವ ಹೊತ್ತಿನದು? ಬಯಲಿಗೆ ಹೋಗಲು ಕತ್ತಲಾಗುವುದನ್ನು ಕಾಯುವವಳು, ಬಸ್ ಪ್ರಯಾಣದಲ್ಲಿ ಶೌಚಾಲಯ ಸಿಗದೆಂದು ನೀರು ಕುಡಿಯದೇ ಇರುವವಳು ಇಸಬಗೋಲ್ ನುಂಗಿದರೆ ಹೊಟ್ಟೆ ಇನ್ನಷ್ಟು ಕಟ್ಟಿಕೊಳ್ಳುತ್ತದೆ. ಇದನ್ನು ವೈದ್ಯರ ಮುಂದೆ ಅವಳೇ ಹೇಳಬೇಕು, ಜೊತೆಗೆ ಬಂದ ಗಂಡ ಅಥವಾ ಅತ್ತೆ ಅಲ್ಲೇ ಕೂತು ಕೇಳಿಸಿಕೊಳ್ಳಬೇಕು. ಮರುದಿನದಿಂದ ಮೊದಲ ಪಂಕ್ತಿಯಲ್ಲೇ ಅವಳ ತಾಟೂ ಇರಲಿ, ಗೊತ್ತಾದ ಹೊತ್ತಿಗೆ, ಗುಳಿಗೆ ನುಂಗಿ ಇಪ್ಪತ್ತು ನಿಮಿಷವಾದ ಮೇಲೆ.