ಬಿದ್ದ ಮರಕ್ಕೆ ಗರಗಸ ಹಾಕಿದರೆ ಪಾಪವೇ?

ಮಳೆಗಾಲದ ಗಾಳಿಗೆ ಗೋವಾದ ಫೋಂಡಾ ಕಡೆ ಅರಳಿಮರ ಉರುಳಿದರೆ ಮನೆಯವರು ಅದನ್ನು ಮುಟ್ಟಲು ಹಿಂಜರಿಯುತ್ತಾರೆ. ಮರದಲ್ಲಿ ದೇವರಿದ್ದಾನೆ, ಕಡಿದರೆ ಪಾಪ ಎನ್ನುತ್ತಾರೆ. ದಾರಿ ಕಟ್ಟಿ ಎರಡು ದಿನವಾದ ಮೇಲೆ ಹಳಿಯಾಳ, ಹಾವೇರಿ, ವಿಜಯಪುರದಿಂದ ಕೂಲಿಗೆ ಬಂದ ಹುಡುಗರನ್ನು ಕರೆಸುತ್ತಾರೆ. ನಾನೂ ಹಳಿಯಾಳದವನೇ, ಈ ಕೆಲಸದಲ್ಲೇ ತಲೆ ನೆರೆಯಿತು. ಪಾಪ ನಿಜವಾಗಿಯೂ ಇದ್ದರೆ, ಕೂಲಿ ಕೊಟ್ಟ ಮಾತ್ರಕ್ಕೆ ಅದು ಒಬ್ಬರ ತಲೆಯಿಂದ ಇನ್ನೊಬ್ಬರ ತಲೆಗೆ ಹೋಗುತ್ತದೆಯೇ?

ಉತ್ತರದ ದಾರಿ ನನಗೆ ಸಿಕ್ಕಿದ್ದು ಇಲ್ಲೇ ಹತ್ತಿರದ ಬಾಂದಿವಡೆಯಲ್ಲಿ. ಅಲ್ಲಿ ನೇಮಿನಾಥ ಬಸದಿಯ ಪಾಳುಗೋಡೆಗಳಿವೆ. ಮರಕ್ಕೂ ಜೀವವಿದೆ, ಸ್ಪರ್ಶವೆಂಬ ಒಂದು ಇಂದ್ರಿಯವಿದೆ ಎಂದವರು ಜೈನರು. ಶ್ರಾವಕರು, ಅಂದರೆ ಜೈನ ಗೃಹಸ್ಥರು, ಬಿಡಬೇಕಾದ ಹದಿನೈದು ಉದ್ಯೋಗಗಳ ಪಟ್ಟಿಯಲ್ಲಿ ಕಾಡು ಕಡಿಯುವುದನ್ನೂ ಸೇರಿಸಿದ್ದಾರೆ. ಅಷ್ಟು ಕಟ್ಟುನಿಟ್ಟಿನವರ ತತ್ತ್ವಾರ್ಥಸೂತ್ರವೇ ಹಿಂಸೆಯನ್ನು ವಿವರಿಸುವಾಗ ಪ್ರಮಾದವನ್ನು, ಅಂದರೆ ಎಚ್ಚರಗೇಡಿತನವನ್ನು, ಮುಂದಿಡುತ್ತದೆ. ಮೈಮರೆತು ನಡೆದು ಪ್ರಾಣ ತೆಗೆಯುವುದೇ ಹಿಂಸೆ. ಇದನ್ನು ತಿಳಿದ ಮೇಲೆ ನನ್ನ ಕೆಲಸವನ್ನೇ ಬೇರೆ ರೀತಿ ನೋಡತೊಡಗಿದೆ.

ಬಿದ್ದ ಮರ ಸುಮ್ಮನೆ ಮಲಗಿರುವುದಿಲ್ಲ. ಗಾಳಿ ನಿಂತು ಹೋದರೂ ಅದು ಬಗ್ಗಿಸಿದ ಬಲ ಕಾಂಡದೊಳಗೆ ಹಾಗೇ ಉಳಿದಿರುತ್ತದೆ. ಎರಡು ತುದಿ ಆನಿಕೊಂಡು ನಡುವೆ ಜಗ್ಗಿದ ದಿಮ್ಮಿಯಲ್ಲಿ ಮೇಲುಭಾಗ ಒತ್ತಿಕೊಂಡಿರುತ್ತದೆ, ಕೆಳಭಾಗ ಬಿಗಿದು ಎಳೆದುಕೊಂಡಿರುತ್ತದೆ. ಮೊದಲ ಕೊಯ್ತ ಒತ್ತಿಕೊಂಡ ಕಡೆಯಿಂದ, ದಪ್ಪದ ಮೂರನೇ ಒಂದು ಪಾಲಿನಷ್ಟು. ಆಮೇಲೆ ಬಿಗಿದ ಕಡೆಯಿಂದ ನಿಧಾನವಾಗಿ. ಒಂದೇ ತುದಿ ಆನಿಕೊಂಡಿದ್ದರೆ ಈ ಲೆಕ್ಕ ತಲೆಕೆಳಗಾಗುತ್ತದೆ. ಅಡ್ಡಕ್ಕೆ ಬಾಗಿದ ಕಾಂಡವಾದರೆ ಬಾಗಿನ ಒಳಮಗ್ಗುಲಲ್ಲೇ ನಿಲ್ಲಬೇಕು, ಸಿಡಿಯುವುದು ಹೊರಮಗ್ಗುಲಿಗೆ. ಮಣ್ಣು ಸಮೇತ ಎದ್ದು ನಿಂತ ಬೇರಿನ ಗೋಡೆ ಇನ್ನೂ ಅಪಾಯ. ಕಾಂಡ ತುಂಡಾದ ಕ್ಷಣ ಅದು ತಟ್ಟನೆ ಹಿಂದಕ್ಕೆ ಕೂರಬಹುದು. ಆ ಗುಂಡಿಯಲ್ಲಿ ಮಕ್ಕಳು ಇಣುಕುತ್ತಿರುತ್ತಾರೆ. ಅವರನ್ನು ದೂರ ಕಳಿಸಿ, ಬೇರನ್ನು ಹಗ್ಗ ಬಿಗಿದು ಹಿಡಿದಿಟ್ಟ ಮೇಲೆಯೇ ಗರಗಸದ ಯಂತ್ರ ಶುರು.

ಹೊಸ ಹುಡುಗನಿಗೆ ಮೊದಲ ಮಳೆಗಾಲದಲ್ಲಿ ನಾನು ಯಂತ್ರ ಕೊಡುವುದಿಲ್ಲ. ಹಗ್ಗ ಹಿಡಿಸುತ್ತೇನೆ, ಮರದ ಸುತ್ತ ನಡೆಸುತ್ತೇನೆ. ಭಾರ ಎಲ್ಲಿದೆ, ಬಿಗಿ ಎಲ್ಲಿದೆ, ಕರೆಂಟಿನ ತಂತಿ ಎಲ್ಲಿದೆ, ಓಡುವ ದಾರಿ ಯಾವುದು ಎಂದು ಅವನ ಬಾಯಿಂದಲೇ ಹೇಳಿಸುತ್ತೇನೆ. ಬ್ಲೇಡಿನ ತುದಿಯ ಮೇಲ್ಭಾಗ ಮರಕ್ಕೆ ತಾಗಿದರೆ ಯಂತ್ರ ಮುಖಕ್ಕೇ ಚಿಮ್ಮುತ್ತದೆ ಎಂಬುದು ಅವನಿಗೆ ಕನಸಿನಲ್ಲೂ ನೆನಪಿರಬೇಕು.

2021ರ ಮೇ ತಿಂಗಳ ತೌಕ್ತೆ ಚಂಡಮಾರುತದಲ್ಲಿ ಗೋವಾದ ತುಂಬ ಮರಗಳು ತಂತಿಗಳ ಮೇಲೆ ಬಿದ್ದವು. ಆಗ ಎಲ್ಲರಿಗೂ ಅವಸರ. ದೇವರ ಮೇಲೆ ಭಾರ ಹಾಕಿ ಶುರು ಮಾಡಿ ಎನ್ನುವವರೇ ಹೆಚ್ಚು. ದೇವರನ್ನು ನಾನೂ ನಂಬುತ್ತೇನೆ. ಆಯುಧಪೂಜೆಗೆ ಯಂತ್ರಕ್ಕೆ ಕುಂಕುಮ ಇಡುತ್ತೇನೆ. ಆದರೆ ಮಸೆಯದ ಚೈನಿಗೆ, ಕೆಟ್ಟ ಬ್ರೇಕಿಗೆ ಇಟ್ಟ ಕುಂಕುಮವನ್ನು ಯಾವ ದೇವರೂ ಒಪ್ಪಲಾರ. ನೋಡಲು ಕಣ್ಣು ಕೊಟ್ಟವನ ಮೇಲೆ ನೋಡುವ ಹೊರೆಯನ್ನೂ ಹಾಕುವುದು ಭಕ್ತಿಯಲ್ಲ.

ಕಲ್ಯಾಣಕ್ಕೆ ಬಂದು ಸೌದೆ ಹೊರೆ ಮಾರಿ ಬದುಕಿದ ಮೋಳಿಗೆ ಮಾರಯ್ಯ ನಮ್ಮ ಶರಣ. ಕಟ್ಟಿಗೆಯ ಕೆಲಸ ಕಾಯಕವಾಗಬಲ್ಲದು ಎಂಬುದಕ್ಕೆ ನನಗೆ ಬೇರೆ ಸಾಕ್ಷಿ ಬೇಡ. ನೆಟ್ಟಗೆ ನಿಂತ ಮರವನ್ನು ಆಸೆಗೆ ಕಡಿದರೆ ಪಾಪ. ಬಿದ್ದ ಮರವನ್ನು ಎಚ್ಚರದಿಂದ ತೆಗೆದು ದಾರಿ ಬಿಡಿಸಿದರೆ ಪುಣ್ಯ. ಆದರೆ ಕಲಿಯದ ಹುಡುಗನ ಕೈಗೆ ಯಂತ್ರ ಕೊಟ್ಟು ಬಿದ್ದ ಮರದ ಮುಂದೆ ನಿಲ್ಲಿಸುವುದು ಹಿಂಸೆ. ಆ ಪಾಪ ಕೂಲಿ ಕೊಟ್ಟವನ ತಲೆಯಿಂದ ಇಳಿಯುವುದಿಲ್ಲ.

ಆದ್ದರಿಂದ ಮನೆಯವರಲ್ಲಿ ಒಂದು ವಿನಂತಿ. ಅರಳಿಮರಕ್ಕೆ ಕೈಮುಗಿಯಿರಿ, ತಪ್ಪಿಲ್ಲ. ಆಮೇಲೆ ವಿದ್ಯುತ್ ಇಲಾಖೆಗೆ ಫೋನ್ ಮಾಡಿ ಲೈನ್ ಬಂದ್ ಮಾಡಿಸಿ, ಕೆಲಸ ಬಲ್ಲವರನ್ನು ಕರೆಸಿ, ಹೆಲ್ಮೆಟ್ ಇಲ್ಲದೆ ಬಂದವನನ್ನು ಅಂಗಳದಲ್ಲೇ ನಿಲ್ಲಿಸಿ. ಒಬ್ಬನ ಬದಲು ಇಬ್ಬರ ಕೂಲಿ ಕೊಡಿ. ಒಬ್ಬ ಕೊಯ್ಯುವಾಗ ಇನ್ನೊಬ್ಬ ಮರವನ್ನೇ ನೋಡುತ್ತಿರಬೇಕು.